ಪುನರಾವರ್ತನೆ ಮತ್ತು ಅಧ್ಯಯನ ತಂತ್ರಗಳು (ಪದವಿ ಶಿಕ್ಷಣ)

ಪುನರಾವರ್ತನೆ ಮತ್ತು ಅಧ್ಯಯನ ತಂತ್ರಗಳು ಎಂದರೆ ಕಲಿತ ವಿಷಯವನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳಲು, ಬೇಕಾದಾಗ ನೆನಪಿಗೆ ತಂದುಕೊಳ್ಳಲು ಮತ್ತು ಹೊಸ ಪ್ರಶ್ನೆಗಳಿಗೆ ಅನ್ವಯಿಸಲು ವಿದ್ಯಾರ್ಥಿಗಳು ಬಳಸುವ ವಿಧಾನಗಳು. ಮತ್ತೆ ಮತ್ತೆ ಓದುವುದು, ಗೆರೆ ಎಳೆಯುವುದು, ಟಿಪ್ಪಣಿ ಬರೆದುಕೊಳ್ಳುವುದು, ಸ್ವಪರೀಕ್ಷೆ ಮಾಡಿಕೊಳ್ಳುವುದು, ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳುವುದು, ಸಹಪಾಠಿಗೆ ವಿವರಿಸುವುದು ಇವೆಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳ ಫಲ ಒಂದೇ ಸಮನಾಗಿಲ್ಲ. ವಿದ್ಯಾರ್ಥಿಗಳು ಹೆಚ್ಚಾಗಿ ನೆಚ್ಚಿಕೊಂಡಿರುವ ವಿಧಾನಗಳೇ ಕಡಿಮೆ ಫಲ ಕೊಡುವಂಥವು ಎಂಬುದು ಈ ಕ್ಷೇತ್ರದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಈ ಲೇಖನವು ವಿಷಯವನ್ನು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಪ್ರಾದೇಶಿಕ ಹಿನ್ನೆಲೆ

ಈ ತಾಲ್ಲೂಕುಗಳ ಪದವಿ ಕಾಲೇಜುಗಳು 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ. ಹುಣಸೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೇ ತಾಲ್ಲೂಕಿನವರಾದ ಮಾಜಿ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಹೆಸರನ್ನು ಹೊತ್ತಿದೆ. ಕೃಷ್ಣರಾಜನಗರವು ಮೈಸೂರು–ಹಾಸನ ರೈಲು ಮಾರ್ಗದಲ್ಲಿರುವುದರಿಂದ ಅಲ್ಲಿನ ವಿದ್ಯಾರ್ಥಿಗಳಿಗೆ ಮೈಸೂರಿನ ಕಾಲೇಜುಗಳೂ ಎಟಕುತ್ತವೆ. ಉಳಿದ ಮೂರು ಪಟ್ಟಣಗಳಿಗೆ ಬಸ್ಸೇ ಆಧಾರ.

ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ವರ್ಜೀನಿಯಾ ತಂಬಾಕಿನ ಸೀಮೆ. ಮುಂಗಾರಿನ ಹೊತ್ತಿಗೆ ನಾಟಿಯಾದ ಹೊಗೆಸೊಪ್ಪನ್ನು ಮಳೆಗಾಲದ ನಡುವೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ಹಲವು ದಿನ ಹಗಲಿರುಳು ಬೆಂಕಿ ಕಾಯ್ದು ಹದ ಮಾಡಬೇಕು. ಬಿಸಿ ಹೆಚ್ಚುಕಡಿಮೆಯಾದರೆ ಎಲೆಯ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಮನೆಯ ಕಾಲೇಜು ಮಕ್ಕಳೂ ಬ್ಯಾರನ್ ಮುಂದೆ ಸರದಿಯ ಮೇಲೆ ಕೂರುವುದು ಸಹಜ. ಕಾಲುವೆ ನೀರಿನ ಕೃಷ್ಣರಾಜನಗರದಲ್ಲಿ ಭತ್ತದ ನಾಟಿ ಮತ್ತು ಕೊಯ್ಲಿನ ದಿನಗಳು ಇದೇ ರೀತಿ ಸಮಯವನ್ನು ಕೇಳುತ್ತವೆ. ಆದ್ದರಿಂದ ಇಲ್ಲಿ ಅಧ್ಯಯನ ತಂತ್ರದ ಪ್ರಶ್ನೆ ಕೇವಲ ಹೆಚ್ಚು ಅಂಕ ಗಳಿಸುವ ಪ್ರಶ್ನೆಯಲ್ಲ. ದಿನಕ್ಕೆ ಒಂದೂವರೆ ಗಂಟೆ ಮಾತ್ರ ದೊರೆಯುವ ವಿದ್ಯಾರ್ಥಿಗೆ ಆ ಅವಧಿಯನ್ನು ಯಾವ ರೀತಿಯ ಓದಿಗೆ ಕೊಡಬೇಕು ಎಂಬುದು ಪದವಿ ಮುಗಿಸುವ ಅಥವಾ ನಡುವೆ ಬಿಡುವ ಪ್ರಶ್ನೆಯೇ ಆಗಬಹುದು.

ಮರೆವು ಮತ್ತು ಪುನರಾವರ್ತನೆಯ ಸಂಶೋಧನೆ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿಯೂ ಅನಂತರ ನಿಧಾನವಾಗಿಯೂ ನಡೆಯುತ್ತದೆ ಎಂಬ ಅವರ ಮರೆವಿನ ರೇಖೆಯನ್ನು 2015ರಲ್ಲಿ ಪ್ರಕಟವಾದ ಮರುಪ್ರಯೋಗವೂ ಸಮರ್ಥಿಸಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದಾಗ ಈ ಬಗೆಯ ಪ್ರಾಯೋಗಿಕ ಮನೋವಿಜ್ಞಾನಕ್ಕೆ ಇಲ್ಲಿಯೂ ನೆಲೆ ದೊರೆಯಿತು.

ಕಾಲೇಜು ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ಪ್ರಯೋಗವೆಂದರೆ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ್ದು. ಒಂದು ಗುಂಪು ಒಂದೇ ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಓದಿ, ಉಳಿದ ಮೂರು ಅವಧಿಗಳಲ್ಲಿ ಪಠ್ಯವನ್ನು ಮುಚ್ಚಿಟ್ಟು ನೆನಪಿದ್ದುದನ್ನು ಬರೆಯಿತು. ಮೊದಲ ಗುಂಪಿನವರು ಗದ್ಯವನ್ನು ಸರಾಸರಿ 14 ಬಾರಿ ಓದಿದ್ದರು; ಎರಡನೆಯವರು 3ಕ್ಕಿಂತ ಸ್ವಲ್ಪ ಹೆಚ್ಚು ಬಾರಿ ಮಾತ್ರ. ಐದು ನಿಮಿಷಗಳ ಅನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಶೇ. 83ಕ್ಕೆ ಎದುರಾಗಿ ಶೇ. 71. ಒಂದು ವಾರದ ಅನಂತರ ಲೆಕ್ಕ ತಿರುಗುಮುರುಗಾಯಿತು: ಓದಿದವರಲ್ಲಿ ಶೇ. 40 ಉಳಿದಿದ್ದರೆ, ನೆನಪಿನಿಂದ ಬರೆದವರಲ್ಲಿ ಶೇ. 61 ಉಳಿದಿತ್ತು. ತಮಗೆ ಹೆಚ್ಚು ನೆನಪಿರುತ್ತದೆ ಎಂದು ಮುಂಚಿತವಾಗಿ ಹೇಳಿದವರು ಮಾತ್ರ ಹದಿನಾಲ್ಕು ಬಾರಿ ಓದಿದವರೇ.

ಈ ಭ್ರಮೆಯೇ ವಿಷಯದ ತಿರುಳು. ಪದೇ ಪದೇ ಓದಿದ ಪುಟ ಪರಿಚಿತವಾಗುತ್ತದೆ. ಪರಿಚಯವನ್ನು ವಿದ್ಯಾರ್ಥಿಯು ತಿಳಿವಳಿಕೆ ಎಂದು ಭಾವಿಸುತ್ತಾನೆ. ಪರೀಕ್ಷೆಯ ಕೊಠಡಿಯಲ್ಲಿ ಪುಟ ಎದುರಿಗಿರುವುದಿಲ್ಲ. 2009ರಲ್ಲಿ ಅದೇ ವಿಶ್ವವಿದ್ಯಾಲಯದ 177 ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಸುಮಾರು ಶೇ. 84ರಷ್ಟು ಮಂದಿ ಮರುಓದನ್ನೂ, ಶೇ. 11ರಷ್ಟು ಮಂದಿ ಮಾತ್ರ ನೆನಪಿನಿಂದ ಹೇಳಿಕೊಳ್ಳುವ ಅಭ್ಯಾಸವನ್ನೂ ಹೆಸರಿಸಿದರು.

ಅಂತರ ಕೊಟ್ಟು ಓದುವುದರ ಬಗ್ಗೆ ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ 1,350ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಪರೀಕ್ಷೆ ಒಂದು ವಾರ ದೂರವಿದ್ದರೆ ಆ ಅವಧಿಯ ಶೇ. 20ರಿಂದ 40ರಷ್ಟು, ಒಂದು ವರ್ಷ ದೂರವಿದ್ದರೆ ಶೇ. 5ರಿಂದ 10ರಷ್ಟು ಅಂತರ ಬಿಟ್ಟು ಮರುಓದುವುದು ಉತ್ತಮವೆಂದು ಕಂಡುಬಂತು. ಎಂದರೆ ವಾರದ ಕಿರುಪರೀಕ್ಷೆಗೆ ಎರಡು ದಿನ ಬಿಟ್ಟು, ವರ್ಷದ ಪರೀಕ್ಷೆಗೆ ಮೂರು ನಾಲ್ಕು ವಾರ ಬಿಟ್ಟು ಪುನರಾವರ್ತಿಸಬೇಕು. ಗಣಿತದಲ್ಲಿ ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡುವ ಬದಲು ಬೇರೆ ಬೇರೆ ಬಗೆಯವನ್ನು ಬೆರೆಸಿ ಮಾಡುವುದೂ ಇದೇ ಜಾತಿಯ ತಂತ್ರ. ಜಾನ್ ಡನ್ಲಾಸ್ಕಿ ಮತ್ತು ಸಹಲೇಖಕರು 2013ರಲ್ಲಿ ಹತ್ತು ತಂತ್ರಗಳನ್ನು ತೂಗಿ ನೋಡಿ, ಸ್ವಪರೀಕ್ಷೆ ಮತ್ತು ಹಂಚಿದ ಅಭ್ಯಾಸ ಎಂಬ ಎರಡಕ್ಕೆ ಮಾತ್ರ ಮೇಲಿನ ಸ್ಥಾನ ಕೊಟ್ಟರು. ಗೆರೆ ಎಳೆಯುವುದು, ಮರುಓದು ಮತ್ತು ಸಾರಾಂಶ ಬರೆಯುವುದು ಕೆಳಗಿನ ಸಾಲಿನಲ್ಲಿ ನಿಂತವು.

ಉರು ಹೊಡೆಯುವುದು ಮತ್ತು ಒಪ್ಪಿಸುವುದು

ಕನ್ನಡ ನಾಡಿನ ಹಳೆಯ ಶಿಕ್ಷಣವನ್ನು ಕಂಠಪಾಠದ ಶಿಕ್ಷಣವೆಂದು ಒಟ್ಟಾಗಿ ತಳ್ಳಿಹಾಕುವುದು ವಾಡಿಕೆ. ಆದರೆ ಕೂಲಿಮಠಗಳ ಕಾಲದಿಂದ ಬಂದ ರೂಢಿಯಲ್ಲಿ ಎರಡು ಬೇರೆ ಕ್ರಿಯೆಗಳಿದ್ದವು, ಭಾಷೆಯೂ ಅವುಗಳಿಗೆ ಎರಡು ಬೇರೆ ಮಾತುಗಳನ್ನು ಇಟ್ಟುಕೊಂಡಿದೆ. ಪುಸ್ತಕ ನೋಡುತ್ತ ಒಂದನ್ನೇ ಹೇಳಿಕೊಳ್ಳುವುದು ಉರು ಹೊಡೆಯುವುದು; ಪುಸ್ತಕ ಮುಚ್ಚಿ ಇನ್ನೊಬ್ಬರ ಎದುರು ಹೇಳುವುದು ಪಾಠ ಒಪ್ಪಿಸುವುದು. ಇಂದಿನ ಸಂಶೋಧನೆ ಮೇಲೆಂದು ಹೇಳುವುದು ಎರಡನೆಯದನ್ನು. ಸಂಜೆ ಮಗ್ಗಿ ಒಪ್ಪಿಸುತ್ತಿದ್ದ ಮಗುವಿಗೆ ದಿನವೂ ಒಂದು ಸ್ವಪರೀಕ್ಷೆ ಆಗುತ್ತಿತ್ತು, ತಪ್ಪಿದ ಕಡೆ ತಿದ್ದುವವರೂ ಇದ್ದರು. ಕಾಲೇಜಿಗೆ ಬರುವ ಹೊತ್ತಿಗೆ ಒಪ್ಪಿಸುವ ರೂಢಿ ಬಿಟ್ಟುಹೋಗಿ ಉರು ಹೊಡೆಯುವುದೊಂದೇ ಉಳಿದಿರುವುದು ವಿಪರ್ಯಾಸ. ಬರೆಸಿದ ನೋಟ್ಸ್, ಗೈಡು ಮತ್ತು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಪ್ರತಿಗಳನ್ನು ಸೆಮಿಸ್ಟರಿನ ಕೊನೆಯ ರಾತ್ರಿಗಳಲ್ಲಿ ಓದಿ ಮುಗಿಸುವ ಕ್ರಮ ಗ್ರಾಮೀಣ ಕಾಲೇಜುಗಳಲ್ಲಷ್ಟೇ ಅಲ್ಲ, ಎಲ್ಲೆಡೆ ಇದೆ. ಹಳೆಯ ಪ್ರಶ್ನೆಪತ್ರಿಕೆ ಸ್ವತಃ ಕೆಟ್ಟ ಸಾಧನವಲ್ಲ. ಉತ್ತರವನ್ನು ಮೊದಲು ನೋಡದೆ ಬರೆಯಲು ಯತ್ನಿಸಿದರೆ ಅದೇ ಅತ್ಯುತ್ತಮ ಸ್ವಪರೀಕ್ಷೆಯಾಗುತ್ತದೆ.

ಈ ತಂತ್ರಕ್ಕೆ ಮೇಜು, ದೀಪ ಅಥವಾ ಹಣ ಬೇಕಾಗುವುದಿಲ್ಲ. ಬೆಳಿಗ್ಗೆ ಕೇಳಿದ ಪಾಠದ ಐದು ಅಂಶಗಳನ್ನು ಸಂಜೆಯ ಬಸ್ಸಿನಲ್ಲಿ ನೆನಪಿನಿಂದ ಎಣಿಸಬಹುದು. ಬ್ಯಾರನ್ ಮುಂದೆ ಸೌದೆ ನೂಕುತ್ತ ಜೊತೆಯವರಿಗೆ ವಿವರಿಸಬಹುದು.

ಬೈಲಕುಪ್ಪೆಯ ತರ್ಕಾಂಗಣ

ಇದಕ್ಕೆ ಅತ್ಯಂತ ವ್ಯವಸ್ಥಿತವಾದ ಜೀವಂತ ಉದಾಹರಣೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇದೆ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟಿಯನ್ ನಿರಾಶ್ರಿತರ ವಸತಿ ನೆಲೆಗೊಂಡಿತು. ಲಾಸಾದ ಸೆರಾ ವಿಹಾರವನ್ನು ಅನಂತರ ಅಲ್ಲಿ ಪುನಃ ಸ್ಥಾಪಿಸಲಾಯಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಟಿಬೆಟಿಯನ್ ವಸತಿಯಿದೆ. ಸೆರಾದ ಭಿಕ್ಷುಗಳು ಗ್ರಂಥಗಳನ್ನು ಮೊದಲು ಕಂಠಪಾಠ ಮಾಡುತ್ತಾರೆ, ಬಳಿಕ ಗುರುಗಳಿಂದ ವಿವರಣೆ ಕೇಳುತ್ತಾರೆ, ಅನಂತರ ಅಂಗಳದಲ್ಲಿ ವಾದಕ್ಕಿಳಿಯುತ್ತಾರೆ. ಉತ್ತರಿಸುವವರು ನೆಲದ ಮೇಲೆ ಕುಳಿತಿರುತ್ತಾರೆ. ಪ್ರಶ್ನಿಸುವವರು ನಿಂತು, ಪ್ರತಿ ಪ್ರಶ್ನೆಗೂ ಜೋರಾಗಿ ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ಸವಾಲು ಹಾಕುತ್ತಾರೆ. ಕೈಯಲ್ಲಿ ಪುಸ್ತಕವಿರುವುದಿಲ್ಲ. ಗೆಶೆ ಪದವಿ ಪಡೆಯಲು ಇಂಥ ಅಧ್ಯಯನವನ್ನು ಹತ್ತಾರು ವರ್ಷ ನಡೆಸಬೇಕು. ನೆದರ್ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಮರೀಕೆ ವಾನ್ ವುಗ್ಟ್ ಮತ್ತು ಸಂಗಡಿಗರು ಸೆರಾ ಜೆ ವಿಹಾರದ ಭಿಕ್ಷುಗಳ ಜೊತೆಗೂಡಿ, ವಾದದ ವೇಳೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ ಅಧ್ಯಯನ ಮಾಡಿದ್ದಾರೆ.

ಕಂಠಪಾಠ ಇಲ್ಲಿ ಕಲಿಕೆಯ ಕೊನೆಯಲ್ಲ, ಮೊದಲ ಮೆಟ್ಟಿಲು ಎಂಬುದು ಗಮನಾರ್ಹ.

ಭಾಷೆಯ ತೊಡಕು

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವಿಜ್ಞಾನ ಮತ್ತು ವಾಣಿಜ್ಯ ಪದವಿಗಳಲ್ಲಿ ಇಂಗ್ಲಿಷ್ ಪಠ್ಯವನ್ನು ಎದುರಿಸುತ್ತಾರೆ. ಅರ್ಥವಾಗದ ವಾಕ್ಯವನ್ನು ಅಕ್ಷರಶಃ ಉರು ಹೊಡೆಯದೆ ಅವರಿಗೆ ಬೇರೆ ದಾರಿ ಕಾಣುವುದಿಲ್ಲ; ಇದನ್ನು ಸೋಮಾರಿತನವೆಂದು ಎಣಿಸುವುದು ತಪ್ಪು. ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡಂಚಿನ ಜೇನುಕುರುಬ ಹಾಗೂ ಬೆಟ್ಟಕುರುಬ ಸಮುದಾಯಗಳ ಮಕ್ಕಳಿಗೆ ಮನೆಯ ನುಡಿಯೇ ಬೇರೆಯಾದ್ದರಿಂದ, ಕಾಲೇಜು ತಲುಪುವ ಹೊತ್ತಿಗೆ ಅವರು ಎರಡು ಭಾಷೆಗಳನ್ನು ದಾಟಿರಬೇಕಾಗುತ್ತದೆ. ಇಂಗ್ಲಿಷ್ ಪಾಠವನ್ನು ತಮ್ಮ ಮಾತಿನಲ್ಲಿ ವಿವರಿಸಿಕೊಂಡು, ಮರುದಿನ ಪಾರಿಭಾಷಿಕ ಪದಗಳೊಡನೆ ಇಂಗ್ಲಿಷಿನಲ್ಲಿ ನೆನಪಿನಿಂದ ಬರೆಯಲು ಯತ್ನಿಸುವುದು ಇಂಥವರಿಗೆ ಉಪಯುಕ್ತ ಕ್ರಮ.

ಅಳತೆಯ ಸಾಧನಗಳು ಮತ್ತು ಮಿತಿಗಳು

ಅಧ್ಯಯನ ಅಭ್ಯಾಸಗಳನ್ನು ಅಳೆಯಲು ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ಲೇರ್ ವೈನ್‌ಸ್ಟೈನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ವ್ಯಾಪಕ ಬಳಕೆಯಲ್ಲಿದೆ. ಕೌಶಲ, ಸಂಕಲ್ಪ ಮತ್ತು ಸ್ವನಿಯಂತ್ರಣ ಎಂಬ ಮೂರು ಅಂಗಗಳ ಅಡಿಯಲ್ಲಿ ಹತ್ತು ಮಾಪಕಗಳು ಇದರಲ್ಲಿವೆ. ಇಂಥ ಪ್ರಶ್ನಾವಳಿಗಳು ವಿದ್ಯಾರ್ಥಿ ತಾನು ಏನು ಮಾಡುತ್ತೇನೆಂದು ಹೇಳಿಕೊಳ್ಳುವುದನ್ನು ದಾಖಲಿಸುತ್ತವೆಯೇ ಹೊರತು ನಿಜವಾಗಿ ಮಾಡುವುದನ್ನಲ್ಲ. ಹೆಚ್ಚು ಅಂಕ ಪಡೆದವರು ಒಳ್ಳೆಯ ತಂತ್ರ ಬಳಸಿದ್ದರೆಂದು ಕಂಡರೂ, ಅಂಕಕ್ಕೆ ತಂತ್ರವೇ ಕಾರಣವೋ ಮನೆಯ ಅನುಕೂಲ ಕಾರಣವೋ ಎಂಬುದು ಅಷ್ಟರಿಂದ ತೀರ್ಮಾನವಾಗದು. ಪ್ರಯೋಗಾಲಯದ ಫಲಿತಾಂಶಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಂದ ಬಂದವು.

ಪ್ರಶ್ನೆಪತ್ರಿಕೆಯ ಸ್ವರೂಪವೂ ತಂತ್ರವನ್ನು ನಿರ್ಧರಿಸುತ್ತದೆ. ಪುಸ್ತಕದ ವಾಕ್ಯವನ್ನೇ ಕೇಳುವ ಪತ್ರಿಕೆಗೆ ವಿದ್ಯಾರ್ಥಿಯು ಪುಸ್ತಕದ ವಾಕ್ಯವನ್ನೇ ಕಲಿಯುತ್ತಾನೆ. ಆಂತರಿಕ ಮೌಲ್ಯಮಾಪನದ ಕಿರುಪರೀಕ್ಷೆಗಳು ಹಂಚಿದ ಪುನರಾವರ್ತನೆಗೆ ಅವಕಾಶ ಕೊಡಬಲ್ಲವು. ಆದರೆ ಉತ್ತರಪತ್ರಿಕೆಯನ್ನು ತಿದ್ದಿ ಬೇಗ ಹಿಂತಿರುಗಿಸದಿದ್ದರೆ ಅವು ಅಂಕಪಟ್ಟಿಯ ಒಂದು ಕಲಮಾಗಿ ಉಳಿಯುತ್ತವೆ.