ಮನೆ ಮಾರಿ ಪ್ರೆಸ್ ಹಾಕಿದ ವಕೀಲರು: ಫ.ಗು. ಹಳಕಟ್ಟಿ ಮತ್ತು ರಬಕವಿ-ಬನಹಟ್ಟಿಯ ತಾಡೋಲೆ

ಇವತ್ತಿನ ಕಥೆ ಒಂದು ಸ್ಟಾರ್ಟಪ್ ಕಥೆ. ಆದರೆ ಇದರಲ್ಲಿ ಇನ್ವೆಸ್ಟರ್ ಇಲ್ಲ, ಫಂಡಿಂಗ್ ಇಲ್ಲ. ಫೌಂಡರ್ ಒಬ್ಬ ವಕೀಲ. ಪ್ರಾಡಕ್ಟ್ ಏನು ಅಂದ್ರೆ, ಎಂಟುನೂರು ವರ್ಷ ಹಳೆಯ ಮಾತು.

ಇಸವಿ 1900 ದಾಟಿ ಒಂದೆರಡು ವರ್ಷ. ಆಗ ನಮ್ಮ ರಬಕವಿ-ಬನಹಟ್ಟಿ ಹೆಂಗಿತ್ತು ಗೊತ್ತಾ? ಈಗ ಎರಡೂ ಊರು ಕೂಡಿ ಒಂದೇ ನಗರಸಭೆ, ಒಂದೇ ತಾಲ್ಲೂಕು. ಆಗ ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಪಕ್ಕಪಕ್ಕದ ಎರಡು ಊರಿಗೆ ಇಬ್ಬರು ರಾಜರು. ಮುಧೋಳದಲ್ಲಿ ಘೋರ್ಪಡೆ ಅರಸರು, ಅದು ಮೂರನೇ ಸಂಸ್ಥಾನ. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗೆ. ಈಗ ಒಂದೇ ದಿನದಲ್ಲಿ ಬೈಕ್ ಮೇಲೆ ಸುತ್ತಿ ಬರುವ ನಾಲ್ಕು ಊರು, ಆಗ ನಾಲ್ಕು ಸರಕಾರ. ರಾಜರ ಮನೆಯಲ್ಲಿ ಮರಾಠಿ, ಮಗ್ಗದ ಮನೆಯಲ್ಲಿ ಕನ್ನಡ. ಎಲ್ಲಾ ಕಡೆ ಒಂದೇ ಇದ್ದದ್ದು ನೇಕಾರರ ಲಾಳಿಯ ಸಪ್ಪಳ.

ಈ ಭಾಗದಲ್ಲಿ ಶಿವಲಿಂಗಪ್ಪ ಮಂಚಾಲೆ ಅಂತ ಒಬ್ಬರು ಇದ್ದರು. ಅವರ ಮನೆಯಲ್ಲಿ ತಾಡೋಲೆ ಕಟ್ಟುಗಳಿದ್ದವು. ಒಂದರಲ್ಲಿ ಪ್ರಭುದೇವರ ವಚನ, ಅಂದ್ರೆ ಅಲ್ಲಮನ ವಚನಗಳು. ಇನ್ನೊಂದು 'ಷಟ್‌ಸ್ಥಲ ತಿಲಕ'. ಅವನ್ನು ಬಿಚ್ಚಿ ನೋಡಿದ ಇಪ್ಪತ್ತರ ಆಸುಪಾಸಿನ ಹುಡುಗನ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ.

ಬ್ಯಾಕ್‌ಗ್ರೌಂಡ್ ಚುಟುಕಾಗಿ ಹೇಳ್ತೀನಿ. ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ಕ್ಕೆ. ತಂದೆ ಗುರುಬಸಪ್ಪ ಶಾಲಾ ಮಾಸ್ತರು, ಸ್ವತಃ ಬರಹಗಾರರು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡರು, ಅಜ್ಜಿ ಬೆಳೆಸಿದರು. ಮುಂಬೈಯ ಸೇಂಟ್ ಝೇವಿಯರ್ ಕಾಲೇಜು, ಆಮೇಲೆ ಕಾನೂನು. 1904ರಲ್ಲಿ ಎಲ್‌ಎಲ್‌ಬಿ. ಕೆಲವೇ ತಿಂಗಳು ಬೆಳಗಾವಿಯಲ್ಲಿ ವಕೀಲಿ ಮಾಡಿ ವಿಜಾಪುರಕ್ಕೆ ಬಂದು ನೆಲೆಸಿದರು. ಆ ಕಾಲದಲ್ಲಿ ಮುಂಬೈನಿಂದ ಎಲ್‌ಎಲ್‌ಬಿ ಮಾಡಿ ಬಂದವರು ಜಿಲ್ಲೆಗೆ ಎಷ್ಟು ಮಂದಿ ಇದ್ದಾರು? ಸುಮ್ಮನೆ ಕೋರ್ಟಿಗೆ ಹೋಗಿ ಬಂದಿದ್ರೆ ಸಾಕಿತ್ತು, ಬಂಗಲೆ ಕಟ್ಟಬಹುದಿತ್ತು.

ತಾಡೋಲೆ ಅಂದ್ರೆ ಏನು ಅಂತ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಯಾಕಂದ್ರೆ ನಮ್ಮಲ್ಲಿ ಬಹಳ ಜನ ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದೀವಿ. ತಾಳೆಗರಿ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರ. ಕೊರೆದದ್ದು ಕಾಣಬೇಕಂದ್ರೆ ಕಾಡಿಗೆ, ಎಣ್ಣೆ ಸವರಬೇಕು. ಪದಗಳ ನಡುವೆ ಜಾಗ ಇರೋದಿಲ್ಲ. ಎಲ್ಲಿ ಒಂದು ವಚನ ಮುಗೀತು, ಎಲ್ಲಿ ಇನ್ನೊಂದು ಶುರುವಾಯ್ತು ಅನ್ನೋದನ್ನ ಅಂಕಿತ ನೋಡಿ ಹಿಡೀಬೇಕು. ಕೂಡಲಸಂಗಮದೇವ ಬಂದ್ರೆ ಬಸವಣ್ಣ, ಗುಹೇಶ್ವರ ಬಂದ್ರೆ ಅಲ್ಲಮ. ಕೆಲವು ಗರಿಗೆ ಹುಳ ಬಿದ್ದಿರ್ತದೆ, ಕೆಲವು ಮುಟ್ಟಿದ್ರೆ ಮುರೀತದೆ.

ಇನ್ನೂ ಒಂದು ತೊಂದರೆ ಇತ್ತು. ಬಹಳ ಮನೆಗಳಲ್ಲಿ ಈ ಕಟ್ಟುಗಳು ಬಟ್ಟೆ ಸುತ್ತಿಕೊಂಡು ದೇವರ ಜಗಲಿ ಮೇಲೆ ಇರ್ತಿದ್ದವು. ವಿಭೂತಿ ಹಚ್ಚಿ ಪೂಜೆ ಮಾಡ್ತಿದ್ರು, ಓದ್ತಿರಲಿಲ್ಲ. ಅಂಥವರ ಮನೆ ಬಾಗಿಲಿಗೆ ಹೋಗಿ ನಿಮ್ಮ ದೇವರನ್ನ ಸ್ವಲ್ಪ ದಿನ ನನಗೆ ಕೊಡ್ರಿ, ನಕಲು ಮಾಡಿ ವಾಪಸ್ ತರ್ತೀನಿ ಅನ್ನಬೇಕು. ಯಾರು ಕೊಡ್ತಾರೆ? ಹಳಕಟ್ಟಿ ಹಂಗೇ ಊರೂರು ಅಲೆದು ಸಾವಿರಾರು ಗರಿ ಕೂಡಿಸಿದರು.

ವಚನಗಳು ಅದಕ್ಕೂ ಮೊದಲು ಅಲ್ಲಲ್ಲಿ ಒಂದಿಷ್ಟು ಅಚ್ಚಾಗಿದ್ದವು, ಅದು ನಿಜ. ಆದರೆ ಐವತ್ತರ ಹತ್ತಿರ ಇದ್ದ ಗೊತ್ತಿರುವ ವಚನಕಾರರ ಲೆಕ್ಕ, ಇವರ ಹುಡುಕಾಟದಿಂದ ಸುಮಾರು 250ಕ್ಕೆ ಏರಿತು. ಇನ್ನೂರು ಜನ ಹೊಸದಾಗಿ ಸಿಕ್ಕರು ಅಂದ್ರೆ ಯಾರು ಸಿಕ್ಕರು ಅನ್ನೋದು ನನಗೆ ಮುಖ್ಯ. ಅಂಬಿಗರು, ಮಡಿವಾಳರು, ಅಕ್ಕಿ ಆಯುವ ಹೆಣ್ಣುಮಕ್ಕಳು, ದನ ಕಾಯುವವರು ಬರೆದ ಸಾಹಿತ್ಯ ಇದು. ವಚನಕಾರರಲ್ಲಿ ಬಹಳ ಹಳಬ ಅನ್ನಿಸಿಕೊಂಡ ಜೇಡರ ದಾಸಿಮಯ್ಯ ಮಗ್ಗದ ಮನುಷ್ಯ. ಬನಹಟ್ಟಿಯ ನೇಕಾರ ಓಣಿಯಲ್ಲಿ ಆ ಹೆಸರು ಯಾರಿಗೂ ಪರಿಚಯ ಮಾಡಿಸಬೇಕಿಲ್ಲ.

ಈಗ ನನ್ನ ಬಿ.ಕಾಂ. ತಲೆ ಓಡೋ ಜಾಗಕ್ಕೆ ಬರೋಣ. ಹಸ್ತಪ್ರತಿ ಸಿದ್ಧ ಆಯ್ತು, ಹೆಸರು 'ವಚನಶಾಸ್ತ್ರಸಾರ'. ಅಚ್ಚು ಹಾಕುವವರು ಯಾರು? ಆಗ ಕನ್ನಡಕ್ಕೆ ಒಳ್ಳೆಯ ಪ್ರೆಸ್ ಅಂದ್ರೆ ಮಂಗಳೂರಿನ ಬಾಸೆಲ್ ಮಿಶನ್. ಅಲ್ಲಿಗೆ ಕಳಿಸಿದರು. ಅವರು ಅಚ್ಚು ಹಾಕದೆ ವಾಪಸ್ ಕಳಿಸಿದರು ಅನ್ನೋದು ವಿಜಾಪುರದಲ್ಲಿ ಎಲ್ಲರೂ ಹೇಳೋ ಕಥೆ. ಇಂಥ ಮಾತು ಇಲ್ಲೇ ಇದ್ರೆ ಮಿಶನರಿಗಳ ಮಾತು ಯಾರು ಕೇಳ್ತಾರೆ ಅಂತ ಅವರಿಗೆ ಅನಿಸ್ತು ಅಂತಲೂ ಸೇರಿಸ್ತಾರೆ. ಆ ಕೊನೇ ಭಾಗ ಕೇಳೋಕೆ ಚೆಂದ, ನಾನು ಅದರ ಮೇಲೆ ದುಡ್ಡು ಕಟ್ಟೋದಿಲ್ಲ. ಕೊನೆಗೆ ಪುಸ್ತಕ ಹೊರಬಂದದ್ದು 1923ರಲ್ಲಿ, ಬೆಳಗಾವಿಯ ಮಹಾವೀರ ಪ್ರೆಸ್ಸಿನಿಂದ.

ಒಂದು ಪುಸ್ತಕ ಆಯ್ತು. ಉಳಿದ ಸಾವಿರಾರು ವಚನ? ಪ್ರತಿ ಸಲ ಬೇರೆಯವರ ಪ್ರೆಸ್ಸಿಗೆ ಹೋಗಿ ಕೈಕಟ್ಟಿ ನಿಲ್ಲೋದು ಆಗೋ ಕೆಲಸ ಅಲ್ಲ. 1925ರಲ್ಲಿ ಹಳಕಟ್ಟಿ ತಮ್ಮ ಸ್ವಂತ ಮನೆ ಮಾರಿದರು. ಆ ದುಡ್ಡಿನಿಂದ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಆಮೇಲೆ ಬಾಡಿಗೆ ಮನೆ.

ಮರು ವರ್ಷ, 1926ರಲ್ಲಿ 'ಶಿವಾನುಭವ' ಪತ್ರಿಕೆ. 1927ಕ್ಕೆ 'ನವಕರ್ನಾಟಕ' ವಾರಪತ್ರಿಕೆ. ಸಂಪಾದಕ, ಪ್ರೂಫ್ ನೋಡುವವ, ಪ್ರಕಾಶಕ, ಚಂದಾ ಎತ್ತುವವ ಎಲ್ಲಾ ಒಬ್ಬರೇ. ಒಂದೊಂದೇ ಅಚ್ಚುಮೊಳೆ ಕೈಯಿಂದ ಜೋಡಿಸುವ ಕಾಲ ಅದು. ಶಿವಾನುಭವ ಮೂವತ್ತು ವರ್ಷಕ್ಕೂ ಹೆಚ್ಚು ನಡೀತು. ನನ್ನಂಥ ಪಾಡ್‌ಕಾಸ್ಟರುಗಳು ಹತ್ತನೇ ಎಪಿಸೋಡಿಗೇ ಏದುಸಿರು ಬಿಡ್ತೀವಿ. ವಕೀಲಿ ಆದಾಯ ಇಳೀತಾ ಹೋಯ್ತು, ಪ್ರೆಸ್ಸಿನ ಖರ್ಚು ಏರ್ತಾ ಹೋಯ್ತು. ಹರಿದ ಕೋಟು ಹೊಲಿಸಿಕೊಂಡು ಹಾಕ್ತಿದ್ರು ಅಂತ ನೋಡಿದವರು ಹೇಳಿದ್ದಾರೆ.

ಹಂಗಂತ ಇವರಿಗೆ ವ್ಯವಹಾರ ಗೊತ್ತಿರಲಿಲ್ಲ ಅಂದ್ಕೋಬೇಡಿ. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಶುರು ಮಾಡಿದವರು ಇವರು. ಇವತ್ತು ಅದರಡಿ ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯ ಇವೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, ಅದೂ ಇನ್ನೂ ನಡೀತಿದೆ. ಬರ ಬಿದ್ದರೆ ಸಾಹುಕಾರನ ಬಡ್ಡಿಗೆ ಹೊಲ ಹೋಗುವ ಜಿಲ್ಲೆಯಲ್ಲಿ ಬ್ಯಾಂಕ್ ಕಟ್ಟೋದು ಅಂದ್ರೆ ಅದೇ ಒಂದು ಚಳವಳಿ. 1920ರಲ್ಲಿ ಮುಂಬೈ ವಿಧಾನ ಪರಿಷತ್ತಿಗೂ ಹೋದರು. ಬೇರೆಯವರ ದುಡ್ಡಿನ ಸಂಸ್ಥೆಗಳನ್ನ ಗಟ್ಟಿ ಕಟ್ಟಿದ ಮನುಷ್ಯ, ತನ್ನ ದುಡ್ಡಿನ ಪ್ರೆಸ್ಸಲ್ಲಿ ಲಾಭದ ಲೆಕ್ಕವನ್ನೇ ಬಿಟ್ಟುಬಿಟ್ಟರು. ನಷ್ಟ ಆಗ್ತದೆ ಅಂತ ಲೆಕ್ಕ ಬಲ್ಲ ವಕೀಲರಿಗೆ ಕಾಣದೆ ಇದ್ದೀತೇ? ಕಂಡೇ ಮಾಡಿದ್ದು ಅಂತ ನನ್ನ ಅಂದಾಜು.

ಮರ್ಯಾದೆಗಳೂ ಬಂದವು. 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ಬಿ.ಎಂ.ಶ್ರೀ ವಿಜಾಪುರಕ್ಕೆ ಬಂದಾಗ ಗೋಳಗುಮ್ಮಟಕ್ಕಿಂತ ಮೊದಲು ವಚನಗುಮ್ಮಟ ನೋಡ್ತೀನಿ ಅಂತ ಹಳಕಟ್ಟಿಯವರ ಮನೆಗೆ ಹೋದರು ಅನ್ನೋ ಮಾತಂತೂ ನಮ್ಮ ಕಡೆ ಪ್ರತಿ ಭಾಷಣದಲ್ಲಿ ಬರ್ತದೆ.

ಹಳಕಟ್ಟಿ ತೀರಿಕೊಂಡದ್ದು 1964ರ ಜೂನ್ 29. ಎಂಬತ್ತನಾಲ್ಕು ತುಂಬೋಕೆ ಮೂರು ದಿನ ಬಾಕಿ. ಅದೇ 1964ರಲ್ಲಿ ಬೆಂಗಳೂರಲ್ಲಿ ಬಸವ ಸಮಿತಿ ಶುರುವಾಯ್ತು. ಮುಂದೆ ವಚನಗಳನ್ನ ಹಲವು ಭಾಷೆಗೆ ಒಯ್ದ ಸಂಸ್ಥೆ ಅದು. ಕಟ್ಟಿದವರು ಬಿ.ಡಿ. ಜತ್ತಿ. ಜಮಖಂಡಿ ಹತ್ತಿರದ ಸಾವಳಗಿಯವರು, ಅವರೂ ಜಮಖಂಡಿಯಲ್ಲಿ ವಕೀಲಿ ಮಾಡಿದವರು, ಮುಂದೆ ಉಪರಾಷ್ಟ್ರಪತಿ ಆದವರು. ಅವರದು ಒಂದು ಪೂರ್ತಿ ಎಪಿಸೋಡ್ ಆಗೋವಷ್ಟು ಕಥೆ, ಮುಂದಿನ ವಾರ ಮಾಡೋಣ.

ಅಲ್ಲಿವರೆಗೂ ಒಂದು ಕೆಲಸ. ನಿಮ್ಮ ಅಜ್ಜಿ ಮನೆ ಜಗಲಿ ಮೇಲೆ ಬಟ್ಟೆ ಸುತ್ತಿದ ಹಳೇ ಕಟ್ಟು ಏನಾದರೂ ಇದ್ರೆ, ಅದಕ್ಕೆ ಎಣ್ಣೆ, ನೀರು ಏನೂ ಮುಟ್ಟಿಸಬೇಡಿ. ಮೊಬೈಲಲ್ಲಿ ಒಂದು ಫೋಟೋ ತೆಗೀರಿ. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ತೋರಿಸಿ.