ಬಿ.ಸಿ. ರಮೇಶ್

ಬಿ.ಸಿ. ರಮೇಶ್ ಭಾರತ ತಂಡಕ್ಕೆ ಆಡಿದ ಕರ್ನಾಟಕದ ಕಬಡ್ಡಿ ಆಟಗಾರರು, ಪ್ರೊ ಕಬಡ್ಡಿ ಲೀಗ್‌ನ ತರಬೇತುದಾರರು. 2001ನೇ ಸಾಲಿನ ಅರ್ಜುನ ಪ್ರಶಸ್ತಿ ಪುರಸ್ಕೃತರು. ಹಿಂದಿನ ಸಾಲಿನಲ್ಲಿ ಕಬಡ್ಡಿಯ ಅರ್ಜುನ ಸಂದದ್ದೂ ಕನ್ನಡಿಗ ಸಿ. ಹೊನ್ನಪ್ಪ ಅವರಿಗೇ. ರಾಜ್ಯದ ಕಬಡ್ಡಿ ಆಗ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರೊ ಕಬಡ್ಡಿ 2014ರಲ್ಲಿ ಶುರುವಾದಾಗ ರಮೇಶ್ ಹಿರಿಯ ತಲೆಮಾರಿನವರಾಗಿದ್ದರು. ಲೀಗ್ ಅವರನ್ನು ಕಂಡದ್ದು ಅಂಕಣದ ಗೆರೆಯಾಚೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಬಾರಿ ಚಾಂಪಿಯನ್ ಆದಾಗ ಅವರು ಆ ತಂಡದ ತರಬೇತಿ ಬಳಗದಲ್ಲಿದ್ದರು. ಅದೇ ವರ್ಷ ಬೆಂಗಾಲ್ ವಾರಿಯರ್ಸ್ ಸೇರಿದರು. ಅಕ್ಟೋಬರ್ 19ರಂದು ಅಹಮದಾಬಾದಿನ ಫೈನಲ್‌ಗೆ ನಾಯಕ ಮಣಿಂದರ್ ಸಿಂಗ್ ಗಾಯದಿಂದಾಗಿ ಲಭ್ಯರಿರಲಿಲ್ಲ. ಎದುರಾಳಿ ದಬಾಂಗ್ ಡೆಲ್ಲಿ ಆರಂಭದಲ್ಲೇ ಮುನ್ನಡೆ ಪಡೆಯಿತು, ನವೀನ್ ಕುಮಾರ್ ಒಂದೇ ಸಮನೆ ಅಂಕ ಗಳಿಸುತ್ತಿದ್ದರು. ಆದರೂ ಇರಾನಿನ ನಬಿಬಕ್ಷ್ ಮತ್ತು ಸಂಗಡಿಗರು ಪಂದ್ಯವನ್ನು ಹಿಡಿತಕ್ಕೆ ತಂದುಕೊಂಡು 39-34ರಿಂದ ಗೆದ್ದರು. ಒಬ್ಬ ರೈಡರ್‌ನನ್ನೇ ನೆಚ್ಚಿಕೊಂಡ ತಂಡವಾಗಿದ್ದರೆ ಆ ರಾತ್ರಿ ಸೋಲು ಖಚಿತವಿತ್ತು.

ಮುಂದೆ ರಮೇಶ್ ತರಬೇತಿ ನೀಡಿದ ಪುಣೇರಿ ಪಲ್ಟನ್‌ನಲ್ಲಿ, ಒಬ್ಬರನ್ನೇ ನೆಚ್ಚಿಕೊಳ್ಳದ ಈ ಗುಣ ಇನ್ನೂ ಸ್ಪಷ್ಟವಾಗಿ ಕಂಡಿತು. ಅಸ್ಲಂ ಇನಾಂದಾರ್, ಮೋಹಿತ್ ಗೋಯತ್, ಅಬಿನೇಶ್ ನಡರಾಜನ್‌ರಂಥ ಹುಡುಗರದೇ ತಂಡ ಅದು. 2022ರ ಡಿಸೆಂಬರ್‌ನ ಫೈನಲ್‌ನಲ್ಲಿ ಅಸ್ಲಂ, ಮೋಹಿತ್ ಇಬ್ಬರೂ ಆಡಲಾಗದೆ ಜೈಪುರಕ್ಕೆ 29-33ರಿಂದ ಮಣಿಯಿತು. ಮುಂದಿನ ಆವೃತ್ತಿಗೆ ಇರಾನಿನ ಶಾದ್ಲೂಯಿ ಜೊತೆಯಾದರು. ಪಲ್ಟನ್ 96 ಅಂಕಗಳೊಂದಿಗೆ ಲೀಗ್ ಹಂತದ ಅಗ್ರಸ್ಥಾನ ಪಡೆದು, 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಅಂಕಣಕ್ಕಿಳಿಯಿತು. ಎರಡೂ ಕಡೆಯ ರಕ್ಷಣೆ ಬಿಗಿ, ಒಂದೊಂದು ಅಂಕಕ್ಕೂ ಪರದಾಟ. ಅಂಥದ್ದರಲ್ಲಿ ಪಂಕಜ್ ಮೋಹಿತೆ ಒಂದೇ ರೈಡ್‌ನಲ್ಲಿ ನಾಲ್ಕು ಅಂಕ ಬಾಚಿಕೊಂಡು ಗೆರೆ ಮುಟ್ಟಿದರು. ಅಂತಿಮ ಅಂಕ 28-25. ವಾರಿಯರ್ಸ್‌ಗಾಗಲಿ ಪಲ್ಟನ್‌ಗಾಗಲಿ ಈ ಗೆಲುವುಗಳಿಗೆ ಮುಂಚೆ ಕಿರೀಟ ದಕ್ಕಿರಲಿಲ್ಲ. ಎರಡೂ ತಂಡಗಳ ಮೊದಲ ಗೆಲುವಿನ ಹಿಂದೆ ಒಬ್ಬರೇ ತರಬೇತುದಾರರಿದ್ದರು. ಕನ್ನಡದ ಕ್ರೀಡಾಪುಟಗಳು ಈ ಸಾಧನೆಗೆ ಇನ್ನಷ್ಟು ಜಾಗ ಕೊಡಬೇಕಿತ್ತು.

2025ರ ಆವೃತ್ತಿಗೆ ರಮೇಶ್ ಮುಖ್ಯ ತರಬೇತುದಾರರಾಗಿ ಬುಲ್ಸ್‌ಗೆ ಮರಳಿದರು. ಲೀಗ್‌ನ ಆರಂಭದಿಂದಲೂ ಆ ಹೊಣೆ ಹೊತ್ತಿದ್ದ ರಣಧೀರ್ ಸಿಂಗ್ ಸೆಹ್ರಾವತ್ ಅವರ ಸ್ಥಾನ ಅದು. ಹಿಂದಿನ ಆವೃತ್ತಿಯಲ್ಲಿ ಕೊನೆಯ ಸ್ಥಾನಕ್ಕೆ ಕುಸಿದಿದ್ದ ಬುಲ್ಸ್, ಅವರ ಕೈಕೆಳಗೆ ಪ್ಲೇಆಫ್ ತಲುಪಿತು.