ಮುಟ್ಟು, ಹೊಲೆ, ಮೈನೆರೆ: ಕನ್ನಡದ ಋತುವಾಚಕ ಶಬ್ದಗಳ ಚರಿತ್ರೆ

ಒಂದು ಜನಾಂಗವು ದೇಹಧರ್ಮಗಳಿಗೆ ಇಟ್ಟ ಹೆಸರುಗಳು ಅದರ ಆಚಾರವಿಚಾರಗಳ ಇತಿಹಾಸವನ್ನು ಶಾಸನಗಳಷ್ಟೇ ನಿಷ್ಠೆಯಿಂದ ಕಾಪಾಡಿಕೊಂಡು ಬರುತ್ತವೆ. ಸ್ತ್ರೀಯರ ಮಾಸಿಕ ಸ್ರಾವವನ್ನು ಸೂಚಿಸುವ ಕನ್ನಡ ಶಬ್ದಗಳು ಇದಕ್ಕೆ ಒಳ್ಳೆಯ ನಿದರ್ಶನ. ಹತ್ತು ಹನ್ನೆರಡು ವರ್ಷದ ಬಾಲಕಿಯು ತನ್ನ ದೇಹದ ಈ ವ್ಯಾಪಾರವನ್ನು ಮೊದಲು ಅರಿಯುವುದು ವೈದ್ಯಗ್ರಂಥದಿಂದಲ್ಲ, ಮನೆಯವರಾಡುವ ಒಂದು ಮಾತಿನಿಂದ. ಆ ಮಾತು ‘ಹೊರಗಾದಳು’ ಎಂದಿದ್ದರೆ ಅವಳು ಕಲಿಯುವ ಪಾಠ ಒಂದು. ‘ಮೈನೆರೆದಳು’ ಎಂದಿದ್ದರೆ ಮತ್ತೊಂದು. ಈ ಎರಡು ಬಗೆಯ ಮಾತುಗಳೂ ನಮ್ಮ ನಾಡಿನಲ್ಲಿ ಒಟ್ಟೊಟ್ಟಿಗೆ ನಡೆದುಬಂದಿವೆಯೆಂಬುದನ್ನೂ, ಅಶೌಚವನ್ನು ಹೇಳುವ ಮಾತೊಂದೇ ಪರಂಪರೆಯಲ್ಲವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಬ್ದವಿಚಾರ

ಸಂಸ್ಕೃತದಿಂದ ಬಂದ ಶಬ್ದಗಳನ್ನು ಮೊದಲು ನೋಡಬಹುದು. ಅಮರಕೋಶದ ಮನುಷ್ಯವರ್ಗದಲ್ಲಿ ಋತುಮತಿಯಾದ ಸ್ತ್ರೀಗೆ ಎಂಟು ಪರ್ಯಾಯಪದಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಕೊಳೆಯಾದವಳೆಂದು ಅರ್ಥಕೊಡುವ ‘ಮಲಿನೀ’ ಎಂಬ ಪದವೂ, ಹೂವುಳ್ಳವಳೆಂದು ಅರ್ಥಕೊಡುವ ‘ಪುಷ್ಪವತೀ’ ಎಂಬ ಪದವೂ ಅಕ್ಕಪಕ್ಕದಲ್ಲಿಯೇ ಇವೆ. ಹೂವಿನ ಪರಾಗವನ್ನು ಹೇಳುವ ‘ರಜಸ್’ ಶಬ್ದವೇ ಧೂಳನ್ನೂ ಹೇಳುತ್ತದೆ. ‘ಋತು’ ಎಂಬುದು ನಿಯತಕಾಲವಾಚಕ. ವಸಂತಗ್ರೀಷ್ಮಾದಿಗಳು ತಮ್ಮ ಕಾಲಕ್ಕೆ ಬರುವಂತೆ ಇದೂ ಬರುತ್ತದೆಂಬ ಭಾವವು ಅದರಲ್ಲಡಗಿದೆ. ಹೀಗೆ ಒಂದೇ ನಿಘಂಟಿನ ಒಂದೇ ಪಟ್ಟಿಯಲ್ಲಿ ಜುಗುಪ್ಸೆಯೂ ಗೌರವವೂ ಸಮಾನಾರ್ಥಕಗಳಾಗಿ ನಿಂತಿರುವುದು ಗಮನಾರ್ಹವಾಗಿದೆ.

ದೇಶ್ಯಶಬ್ದಗಳಲ್ಲಿಯೂ ಇದೇ ಇಬ್ಬಗೆ ಕಾಣುತ್ತದೆ. ‘ಹೊರಗಾಗು’, ‘ಹೊರಗೆ ಕೂರು’, ‘ಮುಟ್ಟಾಗು’ ಮುಂತಾದವು ದೇಹದಲ್ಲಿ ನಡೆದುದೇನೆಂಬುದನ್ನು ಹೇಳುವುದಿಲ್ಲ. ಆ ದಿನಗಳಲ್ಲಿ ಸ್ತ್ರೀಯು ಮನೆಯ ಯಾವ ಮೂಲೆಯಲ್ಲಿರಬೇಕು, ಯಾರನ್ನು ಸೋಕಬಾರದು ಎಂಬುದನ್ನು ಹೇಳುತ್ತವೆ. ‘ಮುಟ್ಟು’ ಎಂದರೆ ಸ್ಪರ್ಶ. ಸ್ಪರ್ಶವು ನಿಷಿದ್ಧವಾದ ಅವಸ್ಥೆಗೆ ಸ್ಪರ್ಶವೆಂಬುದೇ ಹೆಸರಾಗಿ ನಿಂತಿದೆ. ಇವಕ್ಕೆ ಪ್ರತಿಯಾಗಿ ‘ಮೈನೆರೆ’, ‘ದೊಡ್ಡವಳಾಗು’ ಎಂಬ ಮಾತುಗಳಿವೆ. ‘ನೆರೆ’ ಧಾತುವಿಗೆ ತುಂಬು, ಪೂರ್ಣವಾಗು, ಬಲಿ ಎಂಬ ಅರ್ಥಗಳಿರುವುದರಿಂದ ‘ಮೈನೆರೆ’ ಎಂದರೆ ದೇಹವು ತನ್ನ ಪೂರ್ಣತೆಗೆ ಬರುವುದು ಎಂದಾಗುತ್ತದೆ. ಮೊದಲನೆಯ ವರ್ಗದ ಶಬ್ದಗಳು ನೆರೆಹೊರೆಯವರ ಕಣ್ಣಿನಿಂದ ನೋಡಿ ಹುಟ್ಟಿದವು. ಎರಡನೆಯವು ಬೆಳೆಯುವ ದೇಹವನ್ನು ನೋಡಿ ಹುಟ್ಟಿದವು.

ಮೂರನೆಯದಾದ ‘ಹೊಲೆ’ ಶಬ್ದವು ಇವೆಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾಗಿದೆ. ಇದರ ಪ್ರಾಚೀನ ರೂಪ ‘ಪೊಲೆ’. ತಮಿಳಿನ ‘ಪುಲೈ’, ಮಲೆಯಾಳದ ‘ಪುಲ’ ಇದರ ಜ್ಞಾತಿಶಬ್ದಗಳು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿಯೂ, ಬರೋ ಮತ್ತು ಎಮನೋ ಎಂಬ ವಿದ್ವಾಂಸರ ದ್ರಾವಿಡ ನಿಷ್ಪತ್ತಿಕೋಶದಲ್ಲಿಯೂ ಋತುಸ್ರಾವ, ಪ್ರಸವದ ಮೈಲಿಗೆ, ಅಶುದ್ಧಿ, ನೀಚತೆ ಎಂಬಂಥ ಅರ್ಥಗಳು ಈ ಶಬ್ದದ ಕೆಳಗೆ ಬಂದಿವೆ. ಒಂದು ಸಮುದಾಯವನ್ನು ಊರಿನಿಂದ ಹೊರಗಿಟ್ಟು ಕರೆದ ಹೆಸರೂ ಇದರಿಂದಲೇ ಬಂದುದೆಂದು ಕೆಲವರೂ, ‘ಹೊಲ’ ಶಬ್ದದಿಂದ ಬಂದುದೆಂದು ಕೆಲವರೂ ಹೇಳುತ್ತಾರೆ. ನಿಷ್ಪತ್ತಿ ಹೇಗೇ ಇರಲಿ, ಸ್ತ್ರೀಯನ್ನು ಮೂರು ದಿನ ಹೊರಗಿಡುವುದಕ್ಕೂ, ಒಂದು ಕುಲವನ್ನು ಬಾಳೆಲ್ಲ ಹೊರಗಿಡುವುದಕ್ಕೂ ಬಳಕೆಯು ಒಂದೇ ಕಲ್ಪನೆಯನ್ನು ಆಧಾರವಾಗಿ ಮಾಡಿಕೊಂಡಿತೆಂಬುದು ಸ್ಪಷ್ಟವಾಗಿದೆ.

೨. ಧರ್ಮಶಾಸ್ತ್ರ ಮತ್ತು ವೈದ್ಯಶಾಸ್ತ್ರ

ಈ ಕಲ್ಪನೆಯ ಪ್ರಾಚೀನ ಆಧಾರವು ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡದಲ್ಲಿ ದೊರೆಯುತ್ತದೆ. ತ್ವಷ್ಟೃವಿನ ಮಗನಾದ ವಿಶ್ವರೂಪನನ್ನು ಕೊಂದ ಇಂದ್ರನ ಬ್ರಹ್ಮಹತ್ಯಾದೋಷವನ್ನು ಭೂಮಿ, ವೃಕ್ಷಗಳು, ಸ್ತ್ರೀಯರು ಮೂರು ಪಾಲಾಗಿ ಹಂಚಿಕೊಂಡರೆಂದೂ, ಪ್ರತಿಯಾಗಿ ಒಂದೊಂದು ವರವನ್ನು ಪಡೆದರೆಂದೂ ಅಲ್ಲಿಯ ಕಥೆ. ಋತುಕಾಲದ ನಿಷೇಧಗಳು ಈ ಕಥೆಯ ಬೆನ್ನಿಗೇ ಬರುತ್ತವೆ. ಇಲ್ಲಿ ಎರಡು ಅಂಶಗಳನ್ನು ಮರೆಯಬಾರದು: ದೋಷವು ಮೂಲತಃ ಸ್ತ್ರೀಯದಲ್ಲ, ಇಂದ್ರನದು, ಸ್ತ್ರೀಯು ಪಡೆದ ವರವು ಋತುವಿನಿಂದ ಸಂತತಿಯನ್ನು ಪಡೆಯುವುದು. ಮುಂದಿನವರು ವರವನ್ನು ಮರೆತು ದೋಷವನ್ನು ಮಾತ್ರ ನೆನಪಿನಲ್ಲಿಟ್ಟರು.

ವೈದ್ಯಶಾಸ್ತ್ರದ ದೃಷ್ಟಿ ಬೇರೆ. ಸುಶ್ರುತಸಂಹಿತೆಯು ಆರ್ತವವನ್ನು ಆಹಾರರಸದಿಂದ ಹುಟ್ಟುವ ರಕ್ತವೆಂದು ವಿವರಿಸಿ, ಅದು ಹನ್ನೆರಡನೆಯ ವರ್ಷದ ಸುಮಾರಿಗೆ ಮೊದಲಾಗಿ ಐವತ್ತರ ಹೊತ್ತಿಗೆ ನಿಲ್ಲುತ್ತದೆಂದು ಹೇಳುತ್ತದೆ. ಚರಕಸಂಹಿತೆಯು ಆರೋಗ್ಯಕರವಾದ ಆರ್ತವದ ಬಣ್ಣವನ್ನು ಗುಲಗಂಜಿ, ಕೆಂದಾವರೆ, ಅರಗಿನ ರಸಗಳಿಗೆ ಹೋಲಿಸುತ್ತದೆ. ಈ ಗ್ರಂಥಕಾರರು ಸ್ರಾವವನ್ನು ಪರೀಕ್ಷಿಸಿ ನೋಡಿದವರು. ಅದರ ಬಣ್ಣ, ನೋವು, ದಿನಗಳ ಎಣಿಕೆ ಅವರಿಗೆ ಆರೋಗ್ಯದ ಲಕ್ಷಣಗಳು.

ಇವೆರಡು ಶಾಸ್ತ್ರಗಳ ಭೇದವು ‘ರಜಸ್ವಲೆ’ ಎಂಬ ಒಂದು ಶಬ್ದದಲ್ಲಿಯೇ ವ್ಯಕ್ತವಾಗುತ್ತದೆ. ಪರಾಶರಸ್ಮೃತಿಯು ಎಂಟು ವರ್ಷದವಳನ್ನು ಗೌರಿ, ಒಂಬತ್ತರವಳನ್ನು ರೋಹಿಣಿ, ಹತ್ತರವಳನ್ನು ಕನ್ಯೆ ಎಂದು ಕರೆದು, ಅಲ್ಲಿಂದ ಮುಂದಿನವಳನ್ನು ರಜಸ್ವಲೆ ಎಂದುಬಿಡುತ್ತದೆ. ದೇಹದ ಸ್ಥಿತಿಯನ್ನು ಹೇಳಬೇಕಾದ ಶಬ್ದವು ಇಲ್ಲಿ ವಯಸ್ಸಿನ ಹೆಸರಾಗಿ, ಆ ವಯಸ್ಸಿಗೆ ಮೊದಲೇ ವಿವಾಹವಾಗಬೇಕೆಂಬ ನಿರ್ಬಂಧಕ್ಕೆ ಸಾಧನವಾಯಿತು. ಸುಶ್ರುತನಾದರೋ ಹದಿನಾರು ತುಂಬದ ಸ್ತ್ರೀಯ ಗರ್ಭವು ಉಳಿಯದೆಂದು ಎಚ್ಚರಿಸಿದ್ದಾನೆ. ಋತುಪ್ರಾಪ್ತಿಯೇ ಮಾತೃತ್ವಕ್ಕೆ ಅರ್ಹತೆಯಲ್ಲವೆಂಬ ಈ ತಿಳಿವಳಿಕೆ ಸಮಾಜದ ಆಚಾರಕ್ಕಿಳಿಯಲು ಬಹುಕಾಲ ಹಿಡಿಯಿತು. ಬ್ರಿಟಿಷ್ ಇಂಡಿಯಾದಲ್ಲಿ ೧೮೯೧ರ ಕಾಯಿದೆಯು ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಎಂಟು ವರ್ಷದೊಳಗಿನ ಬಾಲಕಿಯರ ವಿವಾಹವನ್ನು ನಿಷೇಧಿಸಿತು. ೧೯೨೯ರ ಶಾರದಾ ಕಾಯಿದೆಯು ವಧುವಿನ ಕನಿಷ್ಠ ವಯಸ್ಸನ್ನು ಹದಿನಾಲ್ಕಕ್ಕೆ ತಂದಿತು.

೩. ಶರಣರ ನಿರಾಕರಣೆ

ಹನ್ನೆರಡನೆಯ ಶತಮಾನದ ಶರಣರು ಸೂತಕದ ಕಲ್ಪನೆಯನ್ನು ಬುಡದಲ್ಲಿಯೇ ಕಡಿಯಲು ಯತ್ನಿಸಿದರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ವೀರಶೈವ ಸಂಪ್ರದಾಯದಲ್ಲಿ ಪ್ರಸಿದ್ಧವಾದ ಮಾತು. ಜಾತಿಸೂತಕವೂ ರಜಸ್ಸೂತಕವೂ ಒಂದೇ ಪಟ್ಟಿಯಲ್ಲಿ ಬಂದಿರುವುದು ಆಕಸ್ಮಿಕವಲ್ಲ. ‘ಹೊಲೆ’ ಶಬ್ದದ ಚರಿತ್ರೆಯಲ್ಲಿ ಕಂಡ ಕೊಂಡಿಯನ್ನೇ ಈ ಪಟ್ಟಿಯು ಬಿಡಿಸಹೊರಟಿದೆ.

ಬಸವಣ್ಣನವರ ಒಂದು ವಚನವು ಇದನ್ನು ಮತ್ತಷ್ಟು ವಿಶದಪಡಿಸುತ್ತದೆ. ಕಮ್ಮಾರ, ಮಡಿವಾಳ ಮುಂತಾದ ಹೆಸರುಗಳು ಮಾಡುವ ಕೆಲಸದಿಂದ ಬಂದವೇ ಹೊರತು ಹುಟ್ಟಿನಿಂದ ಬಂದವಲ್ಲವೆಂದು ಸಾರುವ ಆ ಪ್ರಸಿದ್ಧ ವಚನದ ಆರಂಭದಲ್ಲಿಯೇ ‘ಹೊಲೆ’ಯ ಮಾತು ಬರುತ್ತದೆ. ಆ ಸ್ರಾವವಿಲ್ಲದೆ ಗರ್ಭಕ್ಕೆ ನೆಲೆಯೇ ಇಲ್ಲ, ಎಲ್ಲರ ಹುಟ್ಟಿಗೂ ಅದೇ ಆಶ್ರಯ, ಆದುದರಿಂದ ಕುಲದ ಹೆಚ್ಚುಕಡಿಮೆ ಎಲ್ಲಿಯದು ಎಂಬುದು ಅಲ್ಲಿಯ ತರ್ಕ. ನಿಂದೆಗೆ ಬಳಕೆಯಾಗುತ್ತಿದ್ದ ಶಬ್ದವನ್ನು ಬಸವಣ್ಣನವರು ಮರೆಮಾಚಲಿಲ್ಲ. ಸಮಾನತೆಗೆ ಅದನ್ನೇ ಪ್ರಮಾಣವಾಗಿ ಮಂಡಿಸಿದರು. ಪಾಠಕ್ರಮದಲ್ಲಿ ಈ ವಚನವು ಬಂದಾಗ ಉತ್ತರಾರ್ಧದ ಕಾಯಕತತ್ತ್ವವನ್ನು ವಿವರಿಸಿ, ಮೊದಲ ಮಾತನ್ನು ‘ಮೈಲಿಗೆ’ ಎಂಬೊಂದು ಅರ್ಥಕ್ಕೆ ಮುಗಿಸಿದರೆ, ವಚನದ ತರ್ಕವೇ ಕುಂಟುತ್ತದೆ.

ಸಿದ್ಧಾಂತಶಿಖಾಮಣಿಯು ಇದೇ ನಿಲುವನ್ನು ಸಂಸ್ಕೃತದಲ್ಲಿ ಹೇಳಿ, ಲಿಂಗಾರ್ಚನೆಯಲ್ಲಿ ತೊಡಗಿದ ಸ್ತ್ರೀಗೆ ಋತುಕಾಲದಲ್ಲಾಗಲಿ ಪ್ರಸವಕಾಲದಲ್ಲಾಗಲಿ ಸೂತಕವಿಲ್ಲವೆಂದು ವಿಧಿಸುತ್ತದೆ. ಈ ಸಿದ್ಧಾಂತವು ಎಲ್ಲ ಮನೆಗಳಲ್ಲಿಯೂ ಆಚಾರವಾಗಿ ನಿಲ್ಲಲಿಲ್ಲವೆಂಬುದು ನಿಜ. ಆದರೆ ಋತುಸ್ರಾವವು ಅಪವಿತ್ರವಲ್ಲವೆಂಬ ಮಾತು ಪಾಶ್ಚಾತ್ಯ ವಿದ್ಯೆಯೊಡನೆ ಈ ನಾಡಿಗೆ ಬಂದುದೆಂದು ಹೇಳುವವರಿಗೆ ಇದು ಸಾಕಾದ ಉತ್ತರ.

೪. ಜನಪದರ ಆಚಾರ

ಶಾಸ್ತ್ರವನ್ನೋದದ ಜನರ ಆಚಾರದಲ್ಲಿಯೂ ಎರಡು ಮುಖಗಳಿವೆ. ‘ಒಸಗೆ’ ಎಂಬ ಹಳೆಯ ಶಬ್ದಕ್ಕೆ ಸಂತೋಷದ ಸುದ್ದಿ, ಶುಭಕಾರ್ಯ ಎಂಬ ಅರ್ಥಗಳೊಡನೆ, ಹೆಣ್ಣು ಮೈನೆರೆದಾಗ ಮಾಡುವ ಉತ್ಸವವೆಂಬ ವಿಶೇಷಾರ್ಥವೂ ಇದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸೋದರಮಾವನು ಹಸಿರು ಸೊಪ್ಪಿನ ಗುಡ್ಲು ಹಾಕುವುದು, ಹುಡುಗಿಯನ್ನು ಹಸೆಗೆ ಕೂರಿಸಿ ಮುತ್ತೈದೆಯರು ಸೋಬಾನೆ ಹಾಡುವುದು, ಎಳ್ಳು ಬೆಲ್ಲದ ಚಿಗಳಿಯನ್ನೂ ಕೊಬ್ಬರಿಯನ್ನೂ ತಿನ್ನಲು ಕೊಡುವುದು ರೂಢಿಯಾಗಿ ಬಂದಿದೆ. ಅದೇ ಹುಡುಗಿಯನ್ನು ಆ ದಿನಗಳಲ್ಲಿ ಮುಟ್ಟದೆ ದೂರವಿರಿಸುವುದೂ ಉಂಟು. ಒಂದೇ ಆಚರಣೆಯಲ್ಲಿ ಆದರವೂ ಅಂಜಿಕೆಯೂ ಬೆರೆತಿವೆ. ಮೇಲಾಗಿ ಈ ಉತ್ಸವವು ಹುಡುಗಿಯ ಮದುವೆಗೆ ಡಂಗುರವಾಗಿಯೂ ಪರಿಣಮಿಸುತ್ತಿತ್ತು; ಹಾಡಿನಲ್ಲಿ ಹೊಗಳಿಕೆಯಿತ್ತೇ ಹೊರತು ತಿಳಿವಳಿಕೆ ಇರಲಿಲ್ಲ.

ತುಳುನಾಡಿನ ಕೆಡ್ಡಸವು ಇನ್ನೂ ಸ್ವಾರಸ್ಯಕರವಾದುದು. ತುಳುವರ ಪೊನ್ನಿ ತಿಂಗಳ ಕೊನೆಯಲ್ಲಿ, ಎಂದರೆ ಫೆಬ್ರವರಿಯ ಮೊದಲ ಭಾಗದಲ್ಲಿ, ಭೂಮಿತಾಯಿಯು ಋತುಮತಿಯಾಗುತ್ತಾಳೆಂದು ಭಾವಿಸಿ ಜನರು ಆ ದಿನಗಳಲ್ಲಿ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ, ಹಸಿಮರವನ್ನು ಕಡಿಯುವುದಿಲ್ಲ. ಕೊನೆಯ ದಿನ ಮನೆಯ ಹೆಂಗಸರು ನೆಲಕ್ಕೆ ಎಣ್ಣೆಯೆರೆದು ಅರಿಸಿನ ಕುಂಕುಮಗಳನ್ನಿಟ್ಟು ಗೌರವಿಸುತ್ತಾರೆ. ಇಲ್ಲಿ ನಿಷೇಧಗಳಿರುವುದು ಋತುಮತಿಯಿಂದ ಇತರರನ್ನು ಕಾಪಾಡುವುದಕ್ಕಲ್ಲ. ಇತರರ ನೇಗಿಲು ಗುದ್ದಲಿಗಳಿಂದ ಋತುಮತಿಯನ್ನು ಕಾಪಾಡುವುದಕ್ಕೆ. ವೇದದ ಕಥೆಯಲ್ಲಿ ದೋಷದ ಪಾಲನ್ನು ಹೊತ್ತ ಭೂಮಿಯು ಇಲ್ಲಿ ವಿಶ್ರಾಂತಿಗೆ ಅರ್ಹಳಾದ ತಾಯಿಯಾಗಿದ್ದಾಳೆ.

೫. ಆಧುನಿಕ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯದ ವಿಜ್ಞಾನವು ನಿಶ್ಚಿತವಾಯಿತು. ೧೯೨೦ರ ದಶಕದಲ್ಲಿ ಜಪಾನಿನ ಓಗಿನೊ, ಆಸ್ಟ್ರಿಯದ ಕ್ನೌಸ್ ಎಂಬ ವೈದ್ಯರು ಅಂಡವು ಬಿಡುಗಡೆಯಾಗುವ ಕಾಲವನ್ನು ಸ್ವತಂತ್ರವಾಗಿ ಗೊತ್ತುಮಾಡಿದರು. ಗರ್ಭವು ನಿಲ್ಲುವುದಕ್ಕಾಗಿ ಪ್ರತಿ ಚಕ್ರದಲ್ಲಿಯೂ ಗರ್ಭಾಶಯದ ಒಳಪೊರೆ ದಪ್ಪನಾಗುತ್ತದೆ. ಗರ್ಭವು ನಿಲ್ಲದಿದ್ದರೆ ಅದು ಕಳಚಿ ರಕ್ತದೊಡನೆ ಹೊರಬರುತ್ತದೆ. ಸಾಮಾನ್ಯವಾಗಿ ಹತ್ತರಿಂದ ಹದಿನಾರರೊಳಗೆ ಇದು ಆರಂಭವಾಗುತ್ತದೆ. ಸ್ರಾವವು ೨ರಿಂದ ೭ ದಿನಗಳಿರುತ್ತದೆ. ಮೊದಲ ವರ್ಷಗಳಲ್ಲಿ ಚಕ್ರವು ೨೧ರಿಂದ ೪೫ ದಿನಗಳವರೆಗೆ ಹೆಚ್ಚುಕಡಿಮೆಯಾಗುವುದು ಸಹಜ. ಋತುಮತಿಯು ಮುಟ್ಟಿದರೆ ಹೂ ಬಾಡುತ್ತದೆಂಬ ನಂಬಿಕೆಯು ವಿಜ್ಞಾನದ ವೇಷವನ್ನೂ ಒಮ್ಮೆ ಧರಿಸಿತ್ತು: ೧೯೨೦ರಲ್ಲಿ ವಿಯೆನ್ನಾದ ಬೆಲಾ ಶಿಕ್ ಎಂಬ ವೈದ್ಯರು ಋತುಮತಿಯ ಶರೀರದಲ್ಲಿ ಅಂಥ ವಿಷವೊಂದಿದೆಯೆಂದು ವಾದಿಸಿದರು. ಆ ವಾದವು ನಿಲ್ಲಲಿಲ್ಲ.

ಕನ್ನಡದಲ್ಲಿ ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು (೧೯೩೪–೧೯೯೧) ಸ್ತ್ರೀಯರ ಆರೋಗ್ಯವನ್ನು ಕುರಿತು ತಿಳಿಯಾದ ಗದ್ಯದಲ್ಲಿ ಬರೆದು ದೊಡ್ಡ ಉಪಕಾರ ಮಾಡಿದರು. ಅವರ ಒಂದು ಜನಪ್ರಿಯ ಗ್ರಂಥದ ಹೆಸರು ‘ವಧುವಿಗೆ ಕಿವಿಮಾತು’. ಈ ಅರಿವನ್ನು ಮದುವೆಯ ಹೊಸ್ತಿಲಲ್ಲಿ, ಅದೂ ಕಿವಿಯಲ್ಲಿ ಹೇಳಬೇಕೆಂಬ ಅಂದಿನ ಸಮಾಜದ ಮರ್ಯಾದೆಯನ್ನು ಆ ಹೆಸರೇ ಸೂಚಿಸುತ್ತದೆ. ೨೦೧೩–೧೪ರಲ್ಲಿ ಕರ್ನಾಟಕ ಸರ್ಕಾರವು ಬಾಲಕಿಯರಿಗೆ ಸ್ಯಾನಿಟರಿ ಪ್ಯಾಡುಗಳನ್ನು ಹಂಚಲು ಆರಂಭಿಸಿದ ಯೋಜನೆಗೆ ‘ಶುಚಿ’ ಎಂದು ಹೆಸರಿಟ್ಟಿತು. ನೈರ್ಮಲ್ಯದ ಅರ್ಥದಲ್ಲಿ ಅದು ಯುಕ್ತವೇ. ಆದರೆ ಶುಚಿ–ಅಶುಚಿಗಳ ಹಳೆಯ ಜೋಡಿಯಿಂದ ಹೊಸ ಕಾಲದ ಭಾಷೆಯೂ ಪೂರ್ಣವಾಗಿ ಬಿಡಿಸಿಕೊಂಡಿಲ್ಲವೆಂಬುದನ್ನೂ ಅದು ತೋರಿಸುತ್ತದೆ. ತುಮಕೂರು, ಚಿತ್ರದುರ್ಗ ಪ್ರಾಂತಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಋತುಮತಿಯರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ರೂಢಿಯು ಈ ಶತಮಾನದಲ್ಲಿಯೂ ದಾಖಲಾಗಿದೆ. ೨೦೧೭ರಲ್ಲಿ ರಾಜ್ಯ ಶಾಸನಸಭೆಯು ಅಂಗೀಕರಿಸಿದ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನ ಕಾಯಿದೆಯು ಇಂಥ ಬಲಾತ್ಕಾರದ ಪ್ರತ್ಯೇಕತೆಯನ್ನು ಅಪರಾಧಗಳ ಪಟ್ಟಿಯಲ್ಲಿ ಸೇರಿಸಿದೆ.

ಉಪಸಂಹಾರ

ಮೇಲಣ ವಿವೇಚನೆಯಿಂದ ಸಾಹಿತ್ಯದ ಅಧ್ಯಾಪಕರಿಗೆ ಸಂಬಂಧಿಸಿದ ಒಂದು ಕರ್ತವ್ಯವು ಸ್ಪಷ್ಟವಾಗುತ್ತದೆ. ವ್ಯಾಸಭಾರತದ ಸಭಾಪರ್ವದಲ್ಲಿ ದ್ರೌಪದಿಯನ್ನು ಸಭೆಗೆ ಎಳೆತಂದಾಗ ಅವಳು ಏಕವಸ್ತ್ರೆಯಾದ ರಜಸ್ವಲೆ. ಆ ಅವಸ್ಥೆಯಲ್ಲಿಯೇ ಅವಳು ಕುರುಸಭೆಯ ಹಿರಿಯರು ಉತ್ತರಿಸಲಾರದ ಧರ್ಮಪ್ರಶ್ನೆಯನ್ನು ಕೇಳುತ್ತಾಳೆ. ತರಗತಿಯಲ್ಲಿ ಈ ಪದದ ಅರ್ಥವನ್ನು ಹೇಳದೆ ದಾಟಿಸಿದರೆ ದುಶ್ಶಾಸನನ ಅಪರಾಧದ ತೂಕವೂ ತಿಳಿಯದು, ದ್ರೌಪದಿಯ ಧೈರ್ಯದ ತೂಕವೂ ತಿಳಿಯದು. ಮೇಲಾಗಿ, ಕೇಳುತ್ತ ಕುಳಿತ ಬಾಲಕಿಯರಿಗೆ ಈ ವಿಷಯವು ಬಾಯಿಂದಾಡಬಾರದುದೆಂಬ ಪಾಠವು ಆ ಮೌನದಿಂದಲೇ ದೊರೆಯುತ್ತದೆ.

ಹೊಸ ಶಬ್ದಗಳನ್ನು ಹುಡುಕಬೇಕಾದ ಅವಶ್ಯಕತೆ ಕನ್ನಡಕ್ಕೆ ಇಲ್ಲ. ಋತು ಎಂಬ ನಿಯತಿಯ ಮಾತೂ, ಮೈನೆರೆ ಎಂಬ ಪೂರ್ಣತೆಯ ಮಾತೂ, ಒಸಗೆ ಎಂಬ ಸಂತೋಷದ ಮಾತೂ ನಮ್ಮ ನಿಘಂಟುಗಳಲ್ಲಿ ಸಿದ್ಧವಾಗಿವೆ. ‘ಮುಟ್ಟು’ ಎಂಬ ಬಳಕೆಯ ಮಾತನ್ನಾದರೂ ನಾಚಿಕೆಯಿಲ್ಲದೆ, ಅದರ ಚರಿತ್ರೆಯೊಡನೆ ಹೇಳಿಕೊಡಬಹುದು. ಬಾಲಕಿಯು ತನ್ನ ಮೊದಲ ಋತುವಿಗೆ ಮುಂಚೆಯೇ ಈ ಮಾತುಗಳನ್ನೂ ಅವುಗಳ ಹಿಂದಿರುವ ದೇಹವ್ಯಾಪಾರವನ್ನೂ ಅರಿತಿದ್ದರೆ, ಆ ದಿನವು ಅವಳಿಗೆ ಭಯದ ದಿನವಾಗಲಾರದು.